ವಿಯೆನ್ನಾದಲ್ಲಿ ಅತ್ತೆಯ ಕೋಣೆ

ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ಮುಂಬಯಿಯ ಪವಾಯಿಯಲ್ಲಿರುವ ನಮ್ಮ ಬಿಲ್ಡಿಂಗಿನಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹತ್ತಿದೆವು. ನಾನು, ಗಂಡ ಪ್ರಕಾಶ ಮತ್ತು ಎಪ್ಪತ್ತು ದಾಟಿದ ಅತ್ತೆ. ದೂರ ಏಳೆಂಟು ಕಿಲೋಮೀಟರ್ ಇದ್ದೀತು, ಟ್ರಾಫಿಕ್ಕಿನ ದಯೆಯಿಂದ ಗಂಟೆ ಹಿಡಿಯಿತು. ಅತ್ತೆ ತೊಡೆಯ ಮೇಲೆ ಡಬ್ಬಿ ಹಿಡಿದು ಕೂತಿದ್ದರು. ಒಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. "ಅಲ್ಲಿ ಬ್ರೆಡ್ ಬಿಟ್ರ ಏನ್ ಸಿಗ್ತದೋ ಏನೋ" ಎನ್ನುವುದು ಅವರ ಒಂದೇ ಚಿಂತೆ.

ನನ್ನ ಚಿಂತೆ ಹೋಟೆಲ್ ಬಗ್ಗೆ. ಅದನ್ನು ಆರಿಸಿದವಳು ನಾನು. ವಾರಗಟ್ಟಲೆ ಫೋನಿನಲ್ಲಿ ಹುಡುಕಿದ್ದೆ. ಫೋಟೊದಲ್ಲಿ ಎಲ್ಲ ಹೋಟೆಲುಗಳೂ ಬೆಳ್ಳಗೆ, ವಿಶಾಲವಾಗಿ ಕಾಣುತ್ತವೆ. ಕೆಳಗೆ ಜನ ಬರೆದದ್ದನ್ನು ಓದಿದರೆ ಒಂದಕ್ಕೆ ಲಿಫ್ಟ್ ಇಲ್ಲ, ಇನ್ನೊಂದಕ್ಕೆ ಬಾತ್‌ರೂಮ್ ಹೊರಗೆ. ಮುಂಬಯಿಯಲ್ಲಿ ಮನೆ ಹುಡುಕುವವರು ಕೇಳುವುದು ಎರಡೇ ಪ್ರಶ್ನೆ: ಸ್ಟೇಷನ್ ಎಷ್ಟು ಹತ್ತಿರ, ಎಷ್ಟು ಜನ ಮಲಗಬಹುದು? ಯುರೋಪಿಗೂ ನಾನು ಅದೇ ಅಳತೆಗೋಲು ಒಯ್ದೆ. ವಿಯೆನ್ನಾದ ಪಶ್ಚಿಮ ರೈಲು ನಿಲ್ದಾಣದ ಬಗಲಲ್ಲೇ, ಬೆಳಗಿನ ತಿಂಡಿ ಸಮೇತ, ಮೂರು ಹಾಸಿಗೆಯ ಒಂದು ಕೋಣೆ ಸಿಕ್ಕಿತು. ಎರಡು ಕೋಣೆ ಹಿಡಿಯುವ ಯೋಚನೆ ನಮಗೆ ಬರಲೇ ಇಲ್ಲ. ದುಡ್ಡಿನ ಮಾತು ಹಾಗಿರಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅತ್ತೆ ಒಬ್ಬರೇ ಮಲಗಿದವರೇ ಅಲ್ಲ, ಪರದೇಶದಲ್ಲಿ ಹೆದರಿಕೊಂಡಾರು ಎಂದು ಇಬ್ಬರೂ ನಿರ್ಧರಿಸಿಬಿಟ್ಟೆವು. ಅವರನ್ನು ಕೇಳುವ ಪ್ರಶ್ನೆಯೇ ಏಳಲಿಲ್ಲ.

ದೋಹಾದಲ್ಲಿ ವಿಮಾನ ಬದಲಿಸಿ ಮರುದಿನ ವಿಯೆನ್ನಾ ಮುಟ್ಟಿದೆವು. ಹೊರಗೆ ಒಂಬತ್ತು ಡಿಗ್ರಿ, ಜಿನುಗು ಮಳೆ. ತಲೆಗೆ ನಾಲ್ಕು ಯೂರೋ ಚಿಲ್ಲರೆ ಕೊಟ್ಟು ಲೋಕಲ್ ರೈಲಿನಲ್ಲಿ ನಗರಕ್ಕೆ ಬಂದು, ಮೆಟ್ರೋ ಬದಲಿಸಿದೆವು. ರೈಲಿನಲ್ಲಿ ಎಲ್ಲರಿಗೂ ಸೀಟು. ಅತ್ತೆಗೆ ಅದು ಸಹಜವೆನಿಸಲಿಲ್ಲ. "ಇವತ್ತ ಏನರ ಬಂದ್ ಅದ ಏನೋ?" ಎಂದು ಮಗನನ್ನು ಕೇಳಿದರು.

ಹೋಟೆಲಿನ ಕೌಂಟರಿನಲ್ಲಿದ್ದ ಹೆಂಗಸು ಕ್ಷಮೆ ಕೇಳುವ ಮುಖ ಮಾಡಿ ಇಂಗ್ಲಿಷಿನಲ್ಲಿ ವಿವರಿಸಿದಳು. ನಮ್ಮ ಕೋಣೆಯ ಪೈಪು ಸೋರುತ್ತಿದೆಯಂತೆ. ರಿಪೇರಿ ಆಗುವವರೆಗೆ ಅದೇ ಬೆಲೆಗೆ ಎರಡು ಕೋಣೆ ಕೊಡುತ್ತಾಳಂತೆ: ಒಂದನೇ ಮಹಡಿಯಲ್ಲಿ ಜೋಡಿ ಕೋಣೆ, ಮೂರನೆಯದರಲ್ಲಿ ಒಬ್ಬರ ಕೋಣೆ. ಪ್ರಕಾಶನಿಗೆ ಲಾಟರಿ ಹೊಡೆದಷ್ಟು ಖುಷಿ, ಅಮ್ಮನಿಗೆ ಎಲ್ಲ ಕನ್ನಡದಲ್ಲಿ ಹೇಳಿ ಎರಡೂ ಕೀಲಿ ತೋರಿಸಿದ. ನನಗೆ ಅತ್ತೆಯದೇ ಚಿಂತೆ. "ನಾನು ಅತ್ತೆ ಜೊತೆ ಮಲಗ್ತೀನಿ, ನೀವು ಮೇಲೆ ಹೋಗಿ" ಎಂದೆ. ಅಷ್ಟರಲ್ಲಿ ಅತ್ತೆ ಒಬ್ಬರ ಕೋಣೆಯ ಕೀಲಿಯನ್ನು ಕೌಂಟರಿನಿಂದ ಎತ್ತಿಕೊಂಡಾಗಿತ್ತು.

"ನಾ ಮ್ಯಾಲ ಇರ್ತೀನಿ. ಲಿಫ್ಟ್ ಅದ ಅಲ್ಲ?" ಎಂದರು.

ಆ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಹಿತ್ತಿಲಿನ ಮರ ಕಾಣುವ ಒಂದು ಕಿಟಕಿ. ಇಬ್ಬರು ನಿಂತರೆ ಮೂರನೆಯವರು ಬಾಗಿಲ ಹೊರಗೆ ನಿಲ್ಲಬೇಕು. ಬೆಳಿಗ್ಗೆ ನಾನು ಎದ್ದವಳೇ ಮೇಲಕ್ಕೆ ಓಡಿದೆ. ಅತ್ತೆ ಸ್ನಾನ ಮುಗಿಸಿ, ಕೂದಲು ಹರಡಿಕೊಂಡು ಕಿಟಕಿಯ ಬಳಿ ಕೂತಿದ್ದರು. ಅವರ ಕೂದಲು ಹಾಗೆ ಬೆನ್ನ ತುಂಬ ಬಿಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹೆದರಿಕೆ ಆಗ್ಲಿಲ್ವಾ ಅತ್ತೆ?"

"ಅಂಜಿಕಿ ಯಾಕ ಬರ್ತದ? ಬಾಗಲಾ ಹಾಕ್ಕೊಂಡಿದ್ನಲ್ಲ." ಕೂದಲ ಸಿಕ್ಕು ಬಿಡಿಸುತ್ತ ಹೇಳಿದರು, "ರಾತ್ರಿ ಯಾರ ಕಾಲೂ ತಾಗಲಿಲ್ಲ ನೋಡು, ಸುಮಾ."

ಗದಗಿನ ಕಡೆಯ ಅತ್ತೆ ಮದುವೆಯಾಗಿ ಬಂದದ್ದು ಬೈಕುಲ್ಲಾದ ಒಂದು ಚಾಳಿಗೆ, ಆ ಸಾಲುಕೋಣೆಗಳ ವಠಾರದ ಒಂದೇ ಖೋಲಿಗೆ. ಮಾವ ಬಟ್ಟೆ ಮಿಲ್ಲಿನಲ್ಲಿದ್ದರು, ಅವರ ತಮ್ಮನೂ ಅಲ್ಲೇ. ಒಬ್ಬರದು ಹಗಲು ಪಾಳಿಯಾದರೆ ಇನ್ನೊಬ್ಬರದು ರಾತ್ರಿಯದು. ಇದ್ದ ಹಾಸಿಗೆಯ ಮೇಲೆ ಒಬ್ಬರು ಎದ್ದರೆ ಇನ್ನೊಬ್ಬರು ಮಲಗುವುದು. ಜೊತೆಗೆ ಊರಿನಿಂದ ಕೆಲಸ ಹುಡುಕಿಕೊಂಡು ಬರುವವರು, ಆಸ್ಪತ್ರೆಗೆ ಬರುವವರು. ಹಗಲೆಲ್ಲ ಬಾಗಿಲು ತೆರೆದೇ ಇರಬೇಕು, ಮುಚ್ಚಿದರೆ ಅಕ್ಕಪಕ್ಕದವರು ಏನಾಯಿತೆಂದು ಕೇಳುವರು. ಈಗ ಪವಾಯಿಯ ನಮ್ಮ ಫ್ಲ್ಯಾಟಿನಲ್ಲಿ ಎರಡು ಬೆಡ್‌ರೂಮ್ ಇವೆ. ಒಂದು ನಮ್ಮದು. ಇನ್ನೊಂದರಲ್ಲಿ ಬಾಗಿಲು ಮುಚ್ಚಿಕೊಂಡು ನಾನು ಆಫೀಸಿನ ಕೆಲಸ ಮಾಡುತ್ತೇನೆ. ಅತ್ತೆ ಹಾಲಿನಲ್ಲಿರುವ ದಿವಾನದ ಮೇಲೆ ಮಲಗುತ್ತಾರೆ, ರಾತ್ರಿ ನೀರಿಗೆಂದು ಎದ್ದವರ ಕಾಲು ಅದಕ್ಕೇ ತಾಗುತ್ತದೆ.

ಎರಡನೆಯ ದಿನ ಶೋನ್‌ಬ್ರುನ್ ಅರಮನೆಗೆ ಹೋದೆವು. ಹೋಟೆಲಿನಿಂದ ಟ್ರಾಮಿನಲ್ಲಿ ಹತ್ತಿರವೇ. ಚಿನ್ನದ ಬಣ್ಣದ ಗೋಡೆಗಳು, ರೇಷ್ಮೆ ಪರದೆ, ಒಂದು ಕೋಣೆ ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ಕಿವಿಗೆ ಹಚ್ಚಿಕೊಂಡ ಆಡಿಯೊ ಗೈಡ್ ಯಂತ್ರ ಇಂಗ್ಲಿಷಿನಲ್ಲಿ ಹೇಳುವುದನ್ನು ಪ್ರಕಾಶ ಅಮ್ಮನಿಗೆ ಕನ್ನಡ ಮಾಡಿ ಹೇಳುತ್ತಿದ್ದ. ಅತ್ತೆ ರಾಣಿಯ ಮಂಚದ ಎದುರು ಬಹಳ ಹೊತ್ತು ನಿಂತರು. ಆಮೇಲೆ ಈಚೆಯ ಬಾಗಿಲು, ಆಚೆಯ ಬಾಗಿಲು ಎರಡನ್ನೂ ನೋಡಿದರು.

"ಇದೂ ನಮ್ಮ ಚಾಳಿನಂಗೇ ಅದ. ಒಬ್ಬರು ಮಲಗಿದ್ದಲ್ಲೇ ದಾಟಿ ಇನ್ನೊಬ್ಬರು ಹೋಗಬೇಕು. ಪಾಪ, ರಾಣಿಗೂ ನೆಮ್ಮದಿ ಇರಲಿಲ್ಲ."

ಪ್ರಕಾಶ ನಕ್ಕ. ನನಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಹೊರಗೆ ತೋಟದ ಬೆಂಚಿನಲ್ಲಿ ಕೂತು ರೊಟ್ಟಿ ತಿಂದೆವು. ಬಿಸಿಲು ಬಂದಿತ್ತು, ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದ್ದವು.

ಸಂಜೆ ಹೋಟೆಲಿಗೆ ಮರಳಿದಾಗ ಪೈಪು ರಿಪೇರಿಯಾಗಿತ್ತು. ಮೂವರೂ ಒಂದೇ ಕೋಣೆಗೆ ಬರಬಹುದು, ಒಬ್ಬರ ಕೋಣೆ ಬೇಕಾದರೆ ಇನ್ನು ಮೇಲೆ ಬಾಡಿಗೆ ಬೇರೆ ಎಂದಳು ಕೌಂಟರಿನವಳು. "ಅವ್ವಾ, ಸಾಮಾನು ಇಳಿಸ್ಕೊಂಬಾ, ನಾವೆಲ್ಲಾ ಒಂದs ಕಡೆ ಇರೋಣ" ಎಂದ ಪ್ರಕಾಶ. ಮಗನ ಮಾತಿಗೆ ಅತ್ತೆ ಎಂದೂ ಎದುರಾಡಿದವರಲ್ಲ. ಅಂದು ಸೋಫಾದ ಮೇಲೆ ಕೂತರು, ಚಪ್ಪಲಿ ಸರಿಮಾಡಿಕೊಂಡರು, ಕೀಲಿಯನ್ನು ಮಾತ್ರ ಕೊಡಲಿಲ್ಲ.

"ನಾ ಬರಂಗಿಲ್ಲ ಪಕ್ಯಾ," ಎಂದರು.

ಪ್ರಕಾಶ ತಬ್ಬಿಬ್ಬಾಗಿ ನನ್ನ ಮುಖ ನೋಡಿದ. ಮನೆಯಲ್ಲಿ ಮೀಟಿಂಗ್ ಇದ್ದಾಗ ಯಾರಾದರೂ ನನ್ನ ಬಾಗಿಲು ತೆರೆದರೆ ನಾನು ರೇಗುವುದು ಅವನಿಗೆ ಗೊತ್ತು. ಅತ್ತೆಯ ಹಟ ನನಗೆ ಅರ್ಥವಾಯಿತು, ಪರ್ಸ್ ತೆಗೆದು ಕೌಂಟರಿಗೆ ಹೋದೆ. ಉಳಿದ ದಿನಗಳಿಗೆ ಮೂರನೇ ಮಹಡಿಯ ಕೋಣೆ ಅತ್ತೆಯದಾಯಿತು. ಮರುದಿನ ವಸ್ತುಸಂಗ್ರಹಾಲಯಕ್ಕೆ ನಾವಿಬ್ಬರೇ ಹೋದೆವು. ಅತ್ತೆ ಕೋಣೆಯಲ್ಲೇ ಉಳಿದರು. ಇಡೀ ದಿನ ಏನು ಮಾಡಿದಿರಿ ಎಂದರೆ, "ಕುಂತಿದ್ದೆ" ಎಂದರು, ಮುಖ ಅರಳಿತ್ತು.

ಹೊರಡುವ ಬೆಳಿಗ್ಗೆ ಅವರು ಹಾಸಿಗೆಯನ್ನು ಸುಕ್ಕಿಲ್ಲದಂತೆ ಹಾಸಿ, ಕಿಟಕಿ ಮುಚ್ಚಿ, ಬಾಗಿಲನ್ನು ತಾವೇ ಎಳೆದುಕೊಂಡರು. ವಿಮಾನ ನಿಲ್ದಾಣದ ರೈಲಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಮನೇಲಿ ನನ್ನ ಕೆಲಸದ ರೂಮಲ್ಲಿ ಮಂಚ ಹಾಕಿಸ್ತೀನಿ. ಹಗಲು ನಾನು ಕೆಲಸ ಮಾಡ್ಕೋತೀನಿ, ಸಂಜೆ ಆರರ ಮೇಲೆ ನಿಮ್ಮದು," ಎಂದೆ. ಬಹಳ ಉದಾರವಾಗಿ ಹೇಳಿದೆನೆಂದೇ ನನ್ನ ಎಣಿಕೆ.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ಸಿಟ್ಟಿರಲಿಲ್ಲ.

"ಪಾಳಿ ಮ್ಯಾಲ ಬಾಳೇ ಮಾಡಿ ಸಾಕಾಗೇದವಾ ನನಗ. ಕೊಡೋದಿದ್ರ ಪೂರ್ತಿ ಕೊಡು, ಇಲ್ಲಂದ್ರ ದಿವಾನs ಇರಲಿ."

ದೋಹಾದವರೆಗೂ ನಾನು ಆ ಕೋಣೆಯ ಲೆಕ್ಕವನ್ನೇ ಹಾಕುತ್ತ ಹೋದೆ. ಬಾಗಿಲು ಮುಚ್ಚಿಕೊಂಡು ಬದುಕುವ ಸುಖ ನನಗೆ ಗೊತ್ತಿತ್ತು, ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ ಎನ್ನುವುದೇ ನಿಜ.

ಮುಂಬಯಿಯಲ್ಲಿ ಇಳಿದಾಗ ಮೂವತ್ತೆರಡು ಡಿಗ್ರಿ ಸೆಕೆ. ಮನೆಗೆ ಬಂದು ಸ್ನಾನ ಮಾಡಿ, ಕೆಲಸದ ಕೋಣೆಯಿಂದ ಲ್ಯಾಪ್‌ಟಾಪನ್ನೂ ಅದರ ವೈರುಗಳನ್ನೂ ಊಟದ ಮೇಜಿಗೆ ತಂದಿಟ್ಟೆ. ಪ್ರಕಾಶ ನನ್ನ ಆಫೀಸಿನ ಮೇಜನ್ನು ಹಾಲಿಗೆ ಎಳೆದ. ಅತ್ತೆ ನನ್ನದಾಗಿದ್ದ ಆ ಕೋಣೆಯೊಳಗೆ ಹೋದರು, ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ಅನ್ನ ಸಾರು ಆದ ಮೇಲೆ ಕರೆಯಲು ಹೋದೆ. ಬಾಗಿಲು ತಟ್ಟಿ, ಅವರು ತೆರೆಯುವವರೆಗೆ ಹೊರಗೆ ನಿಂತೆ.