ಬಾವಿಗೆ ಬಗ್ಗಿ ನೋಡುವವನ ವ್ಯಾಪಾರ

ಕನ್ನಡಿ ಕಂಡರೆ ತಲೆಗೂದಲು ಸರಿಪಡಿಸಿಕೊಳ್ಳದೆ ಮುಂದೆ ಹೋಗಲಾರದವರಿದ್ದಾರೆ. ನನ್ನದು ಬಾವಿಯ ಚಪಲ. ಎಲ್ಲಿಯೇ ಆಗಲಿ, ಬಾವಿ ಕಣ್ಣಿಗೆ ಬಿತ್ತೆಂದರೆ ಒಮ್ಮೆ ಬಗ್ಗಿ ನೋಡಲೇಬೇಕು. ತಮ್ಮನಿಗೆ ಹೆಣ್ಣು ನೋಡಲು ಹೋಗಿದ್ದಾಗ, ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದ ಶುಭಮುಹೂರ್ತದಲ್ಲಿ, ಹಿರಿಯನೆನಿಸಿಕೊಂಡ ನಾನು ಹಿತ್ತಲಿನ ಬಾವಿಯ ಮುಂದೆ ಧ್ಯಾನಸ್ಥನಾಗಿದ್ದೆ. "ನೀವು ಒಪ್ಕೊಂಡಿದ್ದು ಹುಡುಗೀನೋ ಬಾವೀನೋ?" ಎಂದು ನನ್ನಾಕೆ ಈಗಲೂ ಛೇಡಿಸುವುದುಂಟು. ಛೇಡಿಸಲಿ. ಮೂವತ್ತು ವರ್ಷ ಆಕೆಗೂ ನನಗೂ ಅನ್ನ ಹಾಕಿದ್ದು ಈ ಬಗ್ಗುವ ಚಟವೇ.

ನಾನು ಆಯಿಲ್ ಇಂಜಿನ್ ಪಂಪು ಮಾರುತ್ತಿದ್ದೆ. ಯಲಹಂಕದಿಂದ ಜಾಲಹಳ್ಳಿಯವರೆಗೆ ನನ್ನಷ್ಟು ಪಂಪು ಮಾರಿದವರು ಇನ್ನೊಬ್ಬರಿಲ್ಲ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ವಿನಯವೆಂಬುದು ಮಾರಾಟಗಾರನಿಗೆ ಹೊಂದುವ ಆಭರಣವಲ್ಲ. ಆದರೆ ಆ ಕಸಬಿಗೆ ನಾನು ಬಂದ ದಾರಿ ಮಾತ್ರ ಯಾರೂ ಅನುಕರಿಸುವಂಥದ್ದಲ್ಲ. ಐವತ್ತರ ದಶಕದಲ್ಲಿ ಯಲಹಂಕದ ಶಾಲೆಯೊಂದರಲ್ಲಿ ಹಂಗಾಮಿ ಕನ್ನಡ ಮೇಷ್ಟ್ರಾಗಿದ್ದೆ. ಕಾಯಂ ಮೇಷ್ಟ್ರು ಬಂದರು, ಹಂಗಾಮಿ ಬೀದಿಗೆ ಬಿತ್ತು. ಯಶವಂತಪುರದ ಪಂಪಿನ ಅಂಗಡಿಯ ಯಜಮಾನರು, ಹಳ್ಳಿಯವರಿಗೆ ಮೇಷ್ಟ್ರೆಂದರೆ ಮರ್ಯಾದೆ ಎಂಬ ಒಂದೇ ನಂಬಿಕೆಯ ಮೇಲೆ ನನ್ನನ್ನು ಸೇರಿಸಿಕೊಂಡರು. ಮರ್ಯಾದೆಯೇನೋ ಧಾರಾಳವಾಗಿ ಸಿಕ್ಕಿತು. ಬೆಲ್ಲ ಕೊಟ್ಟರು, ನೀರು ಕೊಟ್ಟರು, ಅಶ್ವಶಕ್ತಿಯ ಕುರಿತ ನನ್ನ ವ್ಯಾಖ್ಯಾನವನ್ನು ಭಕ್ತಿಯಿಂದ ಕೇಳಿ, ಆ ಕುದುರೆಗೆ ಹುರುಳಿ ಎಷ್ಟು ಬೇಕಾಗುತ್ತದೆಂದು ವಿಚಾರಿಸಿದರು. ಪಂಪು ಮಾತ್ರ ಯಾರೂ ಕೊಳ್ಳಲಿಲ್ಲ. ಯುಗಾದಿಯೊಳಗೆ ಒಂದಾದರೂ ಇಂಜಿನ್ ಅಂಗಡಿ ಬಿಡಬೇಕು, ಇಲ್ಲವಾದರೆ ನಾನು ಬಿಡಬೇಕು ಎಂದು ಯಜಮಾನರು ಗಡುವು ಕೊಟ್ಟರು. ಮನೆಯಲ್ಲಿ ಹೆಂಡತಿ ಬಸುರಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಂಥ ಹೊತ್ತಿನಲ್ಲಿ ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯ ಮುನಿಯಪ್ಪ ಸಿಕ್ಕಿದ. ಅವನೂ ಅವನ ತಮ್ಮ ಪಿಲ್ಲಪ್ಪನೂ ಹೊಲ ಭಾಗ ಮಾಡಿಕೊಂಡಿದ್ದರು. ಬಾವಿಯನ್ನು ಭಾಗ ಮಾಡಲಾಗದೆ ಸರದಿ ಮಾಡಿಕೊಂಡಿದ್ದರು. ಒಂದು ದಿನ ಅಣ್ಣನ ಕಪಿಲೆ, ಮರುದಿನ ತಮ್ಮನ ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದು ಚರ್ಮದ ಚೀಲದಲ್ಲಿ ನೀರೆತ್ತುವ ಆ ಕಪಿಲೆಯ ಮುಂದೆ ನನ್ನ ಇಂಜಿನ್ನಿನ ಪ್ರತಾಪ ತೋರಿಸಲು, ಮುನಿಯಪ್ಪನ ಸರದಿಯ ದಿನ ಗಾಡಿಯಲ್ಲಿ ಅದನ್ನು ಹೇರಿಕೊಂಡು ಹೋದೆ. ಹ್ಯಾಂಡಲ್ ತಿರುಗಿಸಿದೆ. ನೀರು ಧುಮ್ಮಿಕ್ಕಿತು, ಊರು ನೆರೆಯಿತು, ಜನ ಶಿಳ್ಳೆ ಹಾಕಿದರು. ಅಲಂಕಾರ, ಛಂದಸ್ಸು ಪಾಠ ಮಾಡಿದಾಗ ಯಾರೂ ನನಗೆ ಶಿಳ್ಳೆ ಹಾಕಿರಲಿಲ್ಲ. ಆ ಅಮಲಿನಲ್ಲಿ ಇಂಜಿನ್ ನಿಲ್ಲಿಸುವ ಮಾತೇ ಮರೆಯಿತು. ಮಧ್ಯಾಹ್ನದ ಹೊತ್ತಿಗೆ ಪಂಪು ಗಾಳಿ ಎಳೆಯತೊಡಗಿದಾಗ ಬಗ್ಗಿ ನೋಡಿದೆ. ಕೆಳಗೆ ಕೆಸರು, ಕೆಸರಲ್ಲಿ ಕಪ್ಪೆಗಳು.

ಮರುದಿನ ಪಿಲ್ಲಪ್ಪನ ಸರದಿ. ಎರಡೇ ದಿನದ ಹಿಂದೆ ನೆಟ್ಟ ಹೂಕೋಸಿನ ಸಸಿ ಬಿಸಿಲಿಗೆ ತಲೆಬಾಗಿಸಿದ್ದವು. ಬಾವಿಯಲ್ಲಿ ಊರಿದ್ದ ನೀರು ಚೀಲ ಮುಳುಗುವಷ್ಟೂ ಇರಲಿಲ್ಲ. ಅವನು ಬೈಯಲಿಲ್ಲ. "ಇಂಗಾ ಮಾಡೋದು ಮೇಷ್ಟ್ರೇ? ನಾವು ಅಣ್ತಮ್ಮ ಎಂಗೋ ನಡ್ಕಂಡು ಬಂದಿದ್ವಿ" ಎಂದಷ್ಟೇ ಹೇಳಿದ. ಬೈದಿದ್ದರೆ ವಾಸಿಯಾಗಿತ್ತು. ಆಗ ನನಗೆ ಹೊಳೆಯಿತು: ಇಷ್ಟು ವರ್ಷ ಇವರಿಬ್ಬರ ನಡುವೆ ನ್ಯಾಯ ಕಾದದ್ದು ಒಪ್ಪಂದವಲ್ಲ, ಎತ್ತುಗಳ ದಣಿವು. ಎತ್ತು ಏದುಸಿರು ಬಿಟ್ಟೊಡನೆ ಕಪಿಲೆ ನಿಲ್ಲುತ್ತಿತ್ತು, ನಾಳೆಯವನ ಪಾಲು ಬಾವಿಯಲ್ಲಿ ಉಳಿಯುತ್ತಿತ್ತು. ನಾನು ತಂದದ್ದು ದಣಿವೇ ಇಲ್ಲದ ಯಂತ್ರವನ್ನು.

ಅಂದು ಪಂಚೆ ಎತ್ತಿ ಕಟ್ಟಿ, ಪಿಲ್ಲಪ್ಪನ ಮನೆಯವರ ಜೊತೆ ಕೆರೆಯಿಂದ ಕೊಡ ಹೊತ್ತೆ. ಪ್ರತಿ ಕೊಡದಲ್ಲಿ ಅರ್ಧ ನನಗೇ ಅಭಿಷೇಕವಾದರೂ ಸಸಿಗಳು ಸಂಜೆಗೆ ತಲೆಯೆತ್ತಿದವು. ಆ ಹೊತ್ತಿಗೆ ಮುನಿಯಪ್ಪ ಬಂದು ಕೈಮುಗಿದು, ನಾಳೆಯೇ ಇಂಜಿನ್ ಕೊಡಿ ಎಂದ. ಆರು ತಿಂಗಳಿಂದ ಯಾವ ಮಾತಿಗಾಗಿ ಕಾದಿದ್ದೆನೋ ಆ ಮಾತು. ನಾನು ಆಗದೆಂದು ತಲೆಯಾಡಿಸಿದೆ. ಬಾವಿಗಿಳಿದು, ಎರಡು ದಿನದ ನೀರಿನ ಲೆಕ್ಕ ಹಿಡಿದು, ಒಳಗಿನ ಕಲ್ಲಿನ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದೆ. ಗೆರೆಯ ಕೆಳಗಿನ ನೀರು ನಾಳೆಯವನ ಪಾಲು. ಇಬ್ಬರೂ ಒಟ್ಟಿಗೆ ಬಂದು, ನೀರು ಈ ಗೆರೆ ಮುಟ್ಟಿದೊಡನೆ ಇಂಜಿನ್ ನಿಲ್ಲಿಸುತ್ತೇವೆಂದು ಒಪ್ಪಿದರೆ ಮಾತ್ರ ಕೊಡುತ್ತೇನೆ ಎಂದೆ.

ಯಜಮಾನರು ಹಣೆ ಚಚ್ಚಿಕೊಂಡರು. "ಗಿರಾಕಿ ಕೈಮುಗ್ದು ಕೊಡಿ ಅಂದ್ರೆ ಬೇಡ ಅಂದೋನು ಇಡೀ ಬೆಂಗ್ಳೂರಲ್ಲಿ ನೀನೊಬ್ನೇ ಕಣಯ್ಯಾ!" ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಯುಗಾದಿಗೆ ಮೂರು ದಿನವಿದ್ದಾಗ, ಅಂಗಡಿ ಮುಂದೆ ಎತ್ತಿನ ಗಾಡಿಯೊಂದು ನಿಂತಿತು. ಮುಂದೆ ಮೂಕಿಯ ಹತ್ತಿರ ಅಣ್ಣ, ಗಾಡಿಯ ಹಿಂತುದಿಯಲ್ಲಿ ತಮ್ಮ. ಯಲಹಂಕದಿಂದ ಅಲ್ಲಿಯವರೆಗೆ ಒಂದು ಮಾತೂ ಆಡಿರಲಾರರು. ಆದರೂ ಗಾಡಿ ಒಂದೇ ಆಗಿತ್ತು.

ಮುಂದಿನದನ್ನು ಆತ್ಮಪ್ರಶಂಸೆಯೆನ್ನದೆ ಕೇಳಿ. ಅಂದಿನಿಂದ ನಾನು ಇಂಜಿನ್ನಿನ ಗುಣಗಾನ ಬಿಟ್ಟೆ. ಮೊದಲು ಬಾವಿಗೆ ಬಗ್ಗುವುದು, ಬಳಿಕ ಬಾಯಿ ಬಿಡುವುದು. ನೀರು ಸಾಲದ ಬಾವಿಗೆ ಪಂಪು ಬೇಡವೆಂದೇ ಹೇಳಿ ಬರುತ್ತಿದ್ದೆ. ಸುಣ್ಣ ವರ್ಷಕ್ಕೆ ಅಳಿಸಿಹೋಗುತ್ತಿತ್ತು, ಹಚ್ಚಲು ನಾನೇ ಮತ್ತೆ ಹೋಗುತ್ತಿದ್ದೆ, ಹೋದಾಗ ಪಕ್ಕದ ಹೊಲದವನು ತನ್ನ ಬಾವಿಯನ್ನೂ ನೋಡಿ ಎನ್ನುತ್ತಿದ್ದ. ಹೀಗೆ ಹೆಬ್ಬಾಳ, ಅಮೃತಹಳ್ಳಿಗಳೆಲ್ಲ ನನ್ನ ಸುಣ್ಣಕ್ಕೆ ಸಿಕ್ಕವು. ಯಜಮಾನರು ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಂಡರು.

ಅರವತ್ತರ ದಶಕದ ಒಂದು ಬೇಸಿಗೆ, ಸುಣ್ಣದ ಡಬ್ಬಿ ಹಿಡಿದು ಪುಟ್ಟೇನಹಳ್ಳಿಗೆ ಹೋದೆ. ಮುನಿಯಪ್ಪ ವಿಷಮಜ್ವರದಲ್ಲಿ ಮಲಗಿದ್ದ. ಅಂದು ಅವನ ಸರದಿ. ಇಂಜಿನ್ ಓಡಿಸುತ್ತಿದ್ದವನು ಪಿಲ್ಲಪ್ಪ, ನೀರು ಹರಿಯುತ್ತಿದ್ದುದು ಅಣ್ಣನ ತೋಟಕ್ಕೆ. ನೋಡನೋಡುತ್ತಿದ್ದಂತೆ ನೀರು ಗೆರೆ ಮುಟ್ಟಿತು.

"ಪಿಲ್ಲಪ್ಪಾ, ಗೆರೆ ಬಂತು" ಎಂದೆ.

"ಕಾಣ್ತೈತೆ ಮೇಷ್ಟ್ರೇ. ಅಣ್ಣನ ಮಡಿ ಇನ್ನೂ ನಾಕು ಉಳ್ದವೆ. ನಾಳೆ ನಂದೇ ಸರದಿ ಅಲ್ವಾ, ಓಡ್ಲಿ ಬುಡಿ."

ಊರೂರ ಬಾವಿಗೆ ಕಟ್ಟಳೆ ಹಾಕಿ ಹೆಸರು ಮಾಡಿದ ನಾನು ಇಂಜಿನ್ನಿಗೆ ಕೈ ಹಚ್ಚಲಿಲ್ಲ. ನೀರು ನನ್ನ ಗೆರೆ ದಾಟಿ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯಿತು. ಅಷ್ಟು ಸಂತೋಷ ನನಗೆ ಯಾವ ಮಾರಾಟದಲ್ಲೂ ಆಗಿರಲಿಲ್ಲ.