ಕೂಸಿನ ಬಾಯಿ ಯಾರೂ ಮೂಸಲಿಲ್ಲ

ನನ್ನ ಗಂಡ ಕುಡಿದು ಕುಡಿದು, ರಕ್ತ ಕಾರಿಕೊಂಡು ಸತ್ತರು. ಅದಕ್ಕೆ ಮೊದಲು ನನ್ನ ಮುಂದಿನ ಹಲ್ಲು ಮುರಿದಿದ್ದರು. ಅವರ ಅಪ್ಪನೂ ಹಾಗೆಯೇ ಹೋದವರು. ಹೀಗಾಗಿ ಶಿರಸಿಯ ನಮ್ಮ ಮನೆಯಲ್ಲಿ ಮಗ ಕಾಲೇಜಿನಿಂದ ಬಂದ ಕೂಡಲೇ ಅತ್ತೆ ಅವನ ಬಾಯಿ ಮೂಸುತ್ತಿದ್ದರು, ಚೆಕ್‌ಪೋಸ್ಟಿನ ಪೊಲೀಸರ ಹಾಗೆ. ಮಗಳು ಬೇಕೆಂದೇ ಬಾಯಿ ತೆರೆದು ಅಡ್ಡ ನಿಲ್ಲುವಳು.

“ಅಜ್ಜಿ, ನಂದೂ ಮೂಸು!”

“ಹೋಗೇ ಕೂಸೇ! ಹೆಣ್ಣು ಹುಡ್ಗಿ, ನಿಂದೆಂತಕ್ಕೆ? ಧಾರೆ ಎರೆದ್ಮೇಲೆ ನೀನು ಬೇರೆ ಗೋತ್ರ.”

ನಾನು ಓದಿದ ಕಾನ್ವೆಂಟಿನಲ್ಲಿ ಬಯಾಲಜಿ ಸಿಸ್ಟರ್ ಬಟಾಣಿ ಹೂ ಬರೆದು ಹೆರಿಡಿಟಿ ಕಲಿಸಿದ್ದರು. ಎಷ್ಟು ಬ್ಯೂಟಿಫುಲ್ ಆಗಿ ಬರೆಯುತ್ತಿದ್ದರು! ಬಟಾಣಿಗೆ ಗೋತ್ರವಿಲ್ಲ ಎಂಬುದು ಮಾತ್ರ ಆಗ ನನಗೆ ಹೊಳೆಯಲಿಲ್ಲ.

ಮಗ ಕುಡಿಯಲೇ ಇಲ್ಲ. ಮಗಳನ್ನು ಸಿದ್ದಾಪುರಕ್ಕೆ ಕೊಟ್ಟು ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅಳಿಯ ಫೋನ್ ಮಾಡಿದ. “ಅತ್ತೆ, ಈಗ್ಲೇ ಬನ್ನಿ. ನಂಗೆ ಆಗ್ತಾ ಇಲ್ಲೆ.”

ಹೋಗಿ ನೋಡಿದರೆ ಅಡುಗೆಮನೆಯ ತುಂಬ ಗಾಜು. ಅಳಿಯ ಹಣೆಗೆ ಟವೆಲ್ ಒತ್ತಿಕೊಂಡು ಕೂತಿದ್ದ. ಟವೆಲ್ ಕೆಂಪಾಗಿತ್ತು. ಮಗಳ ಕೈಯಲ್ಲಿ ಲಟ್ಟಣಿಗೆ, ಬಾಯಲ್ಲಿ ರಮ್ಮಿನ ವಾಸನೆ.

“ಡಾಕ್ಟರ ಹತ್ರ ಕರ್ಕಂಡು ಹೋಪನ ಅತ್ತೆ. ಇಲ್ದಿದ್ರೆ ಒಂದಿನ ಇಲ್ಲಿ ಯಾರಾದ್ರೂ ಸಾಯ್ತ,” ಎಂದ ಅಳಿಯ.

“ನೀನೇ ಸಾಯಿ!” ಎಂದು ಮಗಳು ಲಟ್ಟಣಿಗೆ ಎತ್ತಿದಳು. ಅಡ್ಡ ಬಂದ ನನ್ನ ಭುಜಕ್ಕೆ ಬಿತ್ತು. ಮೊಣಕೈ ಹಿಂದಕ್ಕೆ ಎಳೆದು, ತುಟಿ ಕಚ್ಚಿ ಹೊಡೆಯುವ ಆ ರೀತಿ ನನಗೆ ಗೊತ್ತಿತ್ತು. ಅದು ನನ್ನ ಗಂಡನದು.

ಇಬ್ಬರೂ ಸೇರಿ ಅವಳನ್ನು ಜೀಪಿಗೆ ಹೇರಿದೆವು. ಶಿರಸಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಫ್ಯಾಮಿಲಿ ಹಿಸ್ಟರಿ. ನಾನು ಎಲ್ಲ ಹೇಳಿದೆ.

“ರಿಸ್ಕು ಮಗನಿಗೂ ಬರಬಹುದು, ಮಗಳಿಗೂ ಬರಬಹುದು. ಆದರೆ ಅದು ರಿಸ್ಕು ಅಷ್ಟೇ ಅಮ್ಮಾ, ಹಣೆಬರಹ ಅಲ್ಲ. ಟ್ರೀಟ್‌ಮೆಂಟ್ ಇದೆ. ಓಡಿಹೋಗದ ಹಾಗೆ ನೋಡಿಕೊಳ್ಳಿ.”

ಆಸ್ಪತ್ರೆಗೆ ಸೇರಿಸಿದ ಮರುದಿನ ಮದ್ಯವಿಲ್ಲದೆ ಅವಳ ಮೈಯೆಲ್ಲ ನಡುಗಿತು. ಸಲೈನಿನ ಸೂಜಿ ಕಿತ್ತೆಸೆದಳು, ನರ್ಸ್‌ಗೆ ಒದ್ದಳು, ಬಾಗಿಲಿಗೆ ನುಗ್ಗಿದಳು. ನಾನು ಹಿಂದಿನಿಂದ ತಬ್ಬಿ ಹಿಡಿದೆ. ನನ್ನ ಮುಂಗೈ ಕಚ್ಚಿದಳು, ಚರ್ಮ ಹರಿಯುವಷ್ಟು. ಆಮೇಲೆ ಏದುಸಿರು ಬಿಡುತ್ತ ಕೇಳಿದಳು:

“ಆಯಿ, ಅಪ್ಪಯ್ಯನ್ನ ಯಾರಾದ್ರೂ ಹಿಂಗೆ ಹಿಡ್ಕಂಡಿದ್ವಾ?”

“ಇಲ್ಲೆ.”

“ಹಂಗಾರೆ ನೀ ಬಿಡಡ, ಗಟ್ಟಿ ಹಿಡ್ಕ,” ಎಂದು ಮತ್ತೆ ಕಚ್ಚಿದಳು.