ಮೇಷ್ಟ್ರ ಪ್ರಬಂಧದಿಂದ ತೆಗೆಸಿದ ಪುಟ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಲು ಸೇರಿ ಎರಡು ವರ್ಷವಾಗಿತ್ತು. ಹರಿಹರದ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಖಾಸಗಿಯಾಗಿ ಎಂ.ಎ. ಕಟ್ಟಿದ್ದರು. ಪ್ರತಿ ಭಾನುವಾರ ಪಾಠಕ್ಕೆಂದು ದಾವಣಗೆರೆಯ ನಿಟ್ಟುವಳ್ಳಿ ಬಡಾವಣೆಯ ನನ್ನ ಬಾಡಿಗೆ ಮನೆಗೆ ಬರುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಚಾಪೆಯ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು.

ಕಿರುಪ್ರಬಂಧಕ್ಕೆ ಅವರೇ ಆರಿಸಿಕೊಂಡ ವಿಷಯ, ಹಳಗನ್ನಡ ಕಾವ್ಯದಲ್ಲೂ ಹೊಸ ಕಥೆಗಳಲ್ಲೂ ಮಕ್ಕಳನ್ನು ಕಳೆದುಕೊಂಡವರ ದುಃಖ. ಯಾಕೆ ಇದೇ ವಿಷಯ ಎಂದು ನಾನು ಕೇಳಲಿಲ್ಲ.

ಮೊದಲ ಕರಡು ಚೆನ್ನಾಗಿತ್ತು. ಹಳೆಯ ಕವಿ ತಾಯಿಯ ಜೊತೆ ಗಿಡ, ಹೊಳೆ, ಹಕ್ಕಿಗಳೂ ಅಳುವಂತೆ ಮಾಡುತ್ತಾನೆ, ಹೊಸ ಕಥೆಗಾರ ತಂದೆಯನ್ನು ಸುಮ್ಮನೆ ಒಂದು ಕಡೆ ಕೂರಿಸಿಬಿಡುತ್ತಾನೆ ಎಂದು ಬರೆದಿದ್ದರು. ಕೊನೆಯ ಪುಟ ಮಾತ್ರ ಬೇರೆಯೇ ಇತ್ತು; ಅದರಲ್ಲಿ ತಮ್ಮ ಮಗಳ ಬಗ್ಗೆ ಬರೆದಿದ್ದರು. ಹಿಂದಿನ ವರ್ಷ ಅವರ ಒಂಬತ್ತು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಅವರದೇ ತರಗತಿಯಲ್ಲಿ ಓದುತ್ತಿದ್ದ ಹುಡುಗಿ. ಹನ್ನೊಂದು ದಿನ ಕಳೆದು ಶಾಲೆಗೆ ಹೋಗಿ ಹಾಜರಿ ಕರೆದಾಗ ಬಾಯಿತಪ್ಪಿ ಅವಳ ಹೆಸರೂ ಬಂತು. ಮಕ್ಕಳೆಲ್ಲ ಒಟ್ಟಿಗೆ ‘ಬಂದಿಲ್ಲ ಸರ್’ ಅಂದವು. ಅವರು ಗೈರುಹಾಜರಿ ಹಾಕಿ ಮುಂದಿನ ಹೆಸರು ಕರೆದರು. ‘ಇದು ಆ ಕಾವ್ಯದಲ್ಲೂ ಇಲ್ಲ, ಈ ಕಥೆಯಲ್ಲೂ ಇಲ್ಲ’ ಎಂದು ಪುಟ ಮುಗಿದಿತ್ತು.

ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ.

“ಮೇಷ್ಟ್ರೇ, ಇದು ಸ್ವಂತದ್ದಾಯ್ತು, ವಿಶ್ಲೇಷಣೆ ಅಲ್ಲ. ಪರೀಕ್ಷಕರು ಒಪ್ಪಲ್ಲ.”

“ಹೌದ್ರಿ ಮೇಡಂ. ಹೆಂಗೋ ಬಂದ್‌ಬಿಟ್ಟೈತೆ. ತೆಗಿತೀನಿ.”

ನನಗಾಗ ಇಪ್ಪತ್ತಾರು. ಅವರ ಮಗಳ ಬಗ್ಗೆ ಒಂದು ಮಾತೂ ಆಡದೆ ಟಿಪ್ಪಣಿಗಳನ್ನು ತಿದ್ದತೊಡಗಿದೆ.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಮೇಷ್ಟ್ರು ಬರುವುದು ನಿಂತಿತು. ವರ್ಷದ ಮೇಲೆ ಹರಿಹರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ತುಂಬ ಇಳಿದುಹೋಗಿದ್ದರು. ಅಷ್ಟು ಹೊತ್ತಿಗೆ ನನಗೆ ಆ ಪುಟ ಕಾಡಲು ಶುರುವಾಗಿತ್ತು. ನಾನು ತಪ್ಪು ಮಾಡಿದೆ, ಅದು ಇದ್ದರೆ ಕೊಡಿ ಎಂದು ಕೇಳಿದೆ.

“ಅವತ್ತೇ ಹರಿದು ಹಾಕಿದೆ ಮೇಡಂ. ನಿಮ್ದೇನು ತಪ್ಪಿಲ್ಲ ಬಿಡ್ರಿ.”

“ಮತ್ತೆ ಬರೀರಿ.”

“ಬ್ಯಾಡ್ರಿ. ಓದೋದೇ ಬಿಟ್ಟೀನಿ. ಏನ್ ಓದಿದ್ರೂ ಇದರ ವಸ್ತು ಏನು ಅಂತ ಹುಡುಕಾಕೆ ಹತ್ತುತೀನಿ. ಮೊದ್ಲು ಓದ್ತಾ ಕೂತ್ರೆ ಮಗಳ ಮುಖನಾರ ಕಣ್ಮುಂದೆ ಬರ್ತಿತ್ತು. ಈಗ ಅದೂ ಇಲ್ಲ.”

ಅಷ್ಟರಲ್ಲಿ ದಾವಣಗೆರೆಯ ಬಸ್ ಬಂತು. ಅವರೇ ನನ್ನ ಚೀಲ ಎತ್ತಿಕೊಟ್ಟು, “ಕೂಡ್ರಿ ಮೇಡಂ, ಕಿಟಕಿ ಹತ್ರ ಸೀಟ್ ಐತೆ” ಎಂದರು.

ಆಮೇಲೆ ಅವರು ನನಗೆ ಸಿಗಲೇ ಇಲ್ಲ.